ಪೊನ್ನಂಪೇಟೆಯಲ್ಲೊಂದು ಜೀಪಿನ ವಿಚಾರ

ಹೆಸರಿಗೂ ವಸ್ತುವಿಗೂ ಇರುವ ಸಂಬಂಧವು ನಿತ್ಯವೋ ಅನಿತ್ಯವೋ ಎಂಬ ಚರ್ಚೆಯಲ್ಲಿ ನಾವು ವಿದ್ಯಾರ್ಥಿದೆಶೆಯಲ್ಲಿ ಪಾಠಶಾಲೆಯ ಜಗುಲಿಯ ಮೇಲೆ ಎಷ್ಟೋ ಸಂಜೆಗಳನ್ನು ಕಳೆದಿದ್ದೆವು. ಅದೇ ಚರ್ಚೆಯು ಅರುವತ್ತನೆಯ ವಯಸ್ಸಿನಲ್ಲಿ ಮೋಟಾರು ಗಾಡಿಯ ವೇಷವನ್ನು ಧರಿಸಿ ನಮ್ಮನ್ನು ಹುಡುಕಿಕೊಂಡು ಬರುವುದೆಂದು ಮಾತ್ರ ಎಣಿಸಿರಲಿಲ್ಲ.

ನಡೆದ ಸಂಗತಿ ಇಷ್ಟು. 1990ರಿಂದ ಆರು ವರ್ಷ ನಾವು ದಕ್ಷಿಣ ಕೊಡಗಿನ ಒಂದು ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿದ್ದೆವು. ಆಗಿನ ಶಿಷ್ಯನೊಬ್ಬನು ಈಗ ಪೊನ್ನಂಪೇಟೆಯ ಸಮೀಪದಲ್ಲಿ ಕಾಫಿ ತೋಟವನ್ನು ನೋಡಿಕೊಂಡಿದ್ದಾನೆ. ಅವನು ಹೋದ ಮಳೆಗಾಲದಲ್ಲಿ ದೂರವಾಣಿಯಲ್ಲಿ ಮಾತನಾಡುತ್ತ, "ಸಾರ್, ಅಪ್ಪನ ಜೀಪನ್ನು ಇಟ್ಟುಕೊಳ್ಳುವುದೋ ಕೊಟ್ಟುಬಿಡುವುದೋ ಎಂದು ಮನೆಯಲ್ಲಿ ದಿನಾ ವಾದ. ಅವ್ವ ಒಂದು ಹೇಳುತ್ತಾರೆ, ನನ್ನ ಹೆಂಡತಿ ಒಂದು ಹೇಳುತ್ತಾಳೆ. ನೀವು ಹೇಳಿದರೆ ಇಬ್ಬರೂ ಕೇಳುತ್ತಾರೆ. ಕಕ್ಕಡ ಹದಿನೆಂಟಕ್ಕೆ ಬಂದುಬಿಡಿ" ಎಂದನು. ಯಂತ್ರಶಾಸ್ತ್ರದಲ್ಲಿ ನಮಗೆ ಗಂಧವೂ ಇಲ್ಲ. ಆದರೂ ಆ ಜೀಪಿಗೆ ನಮ್ಮ ಋಣವೊಂದಿದ್ದುದರಿಂದ ಇಲ್ಲವೆನ್ನಲಾಗಲಿಲ್ಲ. 1991ರ ಆಷಾಢದ ಒಂದು ರಾತ್ರಿ ನಾವು ವಿಷಮಜ್ವರದಿಂದ ಎಚ್ಚರ ತಪ್ಪಿ ಮಲಗಿದ್ದಾಗ, ಶಿಷ್ಯನ ತಂದೆಯವರು ತಾವೇ ನಮ್ಮನ್ನು ಕಂಬಳಿಯಲ್ಲಿ ಸುತ್ತಿ ಆ ಜೀಪಿನಲ್ಲಿ ಮಲಗಿಸಿ, ರಸ್ತೆಗೆ ಅಡ್ಡಬಿದ್ದ ಮರಗಳನ್ನು ಬಳಸಿಕೊಂಡು ವಿರಾಜಪೇಟೆಯ ಆಸ್ಪತ್ರೆಗೆ ಮುಟ್ಟಿಸಿದ್ದರು. ಆ ಮಹನೀಯರು ಈಗ ಇಲ್ಲ.

ಮೈಸೂರಿನಿಂದ ಹುಣಸೂರಿನ ಮಾರ್ಗವಾಗಿ ಹೋಗುವ ಬಸ್ಸಿನಲ್ಲಿ ಕುಳಿತೆವು. ಆನೆಚೌಕೂರಿನ ತಪಾಸಣೆಯ ಗೇಟು ದಾಟಿದ ಕೂಡಲೆ ಕಾಡು ಎರಡು ಕಡೆಯಿಂದಲೂ ಬಂದು ರಸ್ತೆಯನ್ನು ಮುಚ್ಚುತ್ತದೆ. ತಿತಿಮತಿಯಲ್ಲಿ ಮಳೆ ಹಿಡಿಯಿತು. ಗೋಣಿಕೊಪ್ಪಲಿನಲ್ಲಿ ಇಳಿಯುವ ವೇಳೆಗೆ ಕೊಡೆಯೂ ನಿಷ್ಪ್ರಯೋಜಕವಾಗಿತ್ತು. ಪೇಟೆಯ ಎರಡು ಬದಿಯಲ್ಲಿಯೂ ಜೀಪುಗಳ ಸಾಲು: ಗೊಬ್ಬರದ ಮೂಟೆ ಹೊತ್ತವು, ಆಳುಗಳನ್ನು ತುಂಬಿಕೊಂಡವು, ಟಾರ್ಪಾಲಿನ ಮುಸುಕಿನೊಳಗೆ ಶಾಲೆಯ ಮಕ್ಕಳನ್ನು ಕೂರಿಸಿಕೊಂಡವು. ನಮ್ಮ ಶಿಷ್ಯನೂ ಅದೇ ಹಳೆಯ ಜೀಪನ್ನು ತಂದಿದ್ದನು. ಹತ್ತುವಾಗ ನಮ್ಮ ಮೊಣಕಾಲು ಸದ್ದು ಮಾಡಿತು. ಅದರ ಬಾಗಿಲೂ ಸದ್ದು ಮಾಡಿತು.

ಪೊನ್ನಂಪೇಟೆಯು ಅಲ್ಲಿಂದ ಕೆಲವೇ ಕಿಲೋಮೀಟರು. ದಿವಾನ್ ಚೆಪ್ಪುಡಿರ ಪೊನ್ನಪ್ಪನವರ ಹೆಸರಿನಿಂದ ಊರಿಗೆ ಈ ಹೆಸರು ಬಂದಿತೆಂದು ಹೇಳುವುದುಂಟು. 1927ರಲ್ಲಿ ಸ್ಥಾಪಿತವಾದ ರಾಮಕೃಷ್ಣ ಶಾರದಾಶ್ರಮ, ಅರಣ್ಯ ಮಹಾವಿದ್ಯಾಲಯ, ಹಾಕಿಯ ಮೈದಾನ ಇವುಗಳಿಂದ ಹೊರಗಿನವರಿಗೆ ಪರಿಚಿತವಾದ ಈ ಊರು ಈಚೆಗೆ ತಾಲ್ಲೂಕಿನ ಮುಖ್ಯಸ್ಥಳವೂ ಆಗಿದೆ. ಕೊಡಗಿನಲ್ಲಿ ರೈಲು ಇಲ್ಲವೆಂಬುದನ್ನು ವಾಚಕರು ಬಲ್ಲರು. ಕಾಫಿ, ಮೆಣಸು, ಅಕ್ಕಿ, ರೋಗಿ, ಮದುಮಗಳು ಎಲ್ಲರೂ ಎಲ್ಲವೂ ಚಕ್ರದ ಮೇಲೆ ರಸ್ತೆಯಲ್ಲಿಯೇ ಸಾಗಬೇಕು. ರಸ್ತೆಯಿಂದ ಮನೆಗೆ ಹೋಗುವ ದಾರಿಯಾದರೋ ಬಹುತೇಕ ಕೆಮ್ಮಣ್ಣಿನ ಏರು. ಅದರ ಮೇಲೆ ಇದು ಸೈನ್ಯಕ್ಕೆ ಮಕ್ಕಳನ್ನು ಕೊಟ್ಟ ಸೀಮೆ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲನೆಯ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರು ಈ ನಾಡಿನವರೇ. ಸೈನ್ಯದಲ್ಲಿ ಜೀಪನ್ನು ನಂಬಿ ಬದುಕಿದವರು ನಿವೃತ್ತರಾಗಿ ತೋಟಕ್ಕೆ ಮರಳಿದಾಗ ಮತ್ತೊಂದು ಗಾಡಿಯನ್ನು ಬಯಸದೆ ಹೋದುದು ಸಹಜವಷ್ಟೆ.

ಜೀಪಿನ ಜನ್ಮವೃತ್ತಾಂತವೂ ಸ್ವಾರಸ್ಯವಾದುದು. 1940ರಲ್ಲಿ ಅಮೆರಿಕದ ಸೈನ್ಯವು ಹಗುರವಾದ, ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ ದೊರೆಯುವ ಗಾಡಿಯೊಂದರ ಮಾದರಿಯನ್ನು 49 ದಿವಸಗಳೊಳಗೆ ಒಪ್ಪಿಸಬೇಕೆಂದು ಕರೆಕೊಟ್ಟಿತು. ಬ್ಯಾಂಟಮ್ ಎಂಬ ಸಣ್ಣ ಕಂಪೆನಿಯು ಆ ಅವಧಿಯಲ್ಲಿಯೇ ಮಾಡಿ ತೋರಿಸಿತು. ಆದರೆ ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಭಾಗ್ಯವು ವಿಲ್ಲಿಸ್ ಮತ್ತು ಫೋರ್ಡ್ ಕಂಪೆನಿಗಳಿಗೆ ಲಭಿಸಿತು. ಯುದ್ಧವು ಮುಗಿಯುವುದರೊಳಗೆ ಅವೆರಡೂ ಕೂಡಿ ಆರು ಲಕ್ಷಕ್ಕೂ ಮೀರಿ ಜೀಪುಗಳನ್ನು ಕಟ್ಟಿದವು. ಹೆತ್ತವಳೊಬ್ಬಳು, ಹೆಸರು ಪಡೆದವರು ಬೇರೊಬ್ಬರು! ಅನಂತರ ನಮ್ಮ ದೇಶದಲ್ಲಿ ಮಹೀಂದ್ರ ಕಂಪೆನಿಯವರು ವಿಲ್ಲಿಸ್ ಕಂಪೆನಿಯ ಒಪ್ಪಿಗೆಯಿಂದ ಮುಂಬಯಿಯಲ್ಲಿ ಜೀಪುಗಳನ್ನು ಜೋಡಿಸಲು ತೊಡಗಿ, ಕ್ರಮೇಣ ತಾವೇ ತಯಾರಿಸಿದರು. 'ಜೀಪ್' ಎಂಬ ಶಬ್ದದ ವ್ಯುತ್ಪತ್ತಿಯನ್ನು ಹಲವರು ಹಲವು ತೆರನಾಗಿ ಹೇಳುತ್ತಾರೆ. ಯಾಸ್ಕರಿದ್ದಿದ್ದರೆ ಇನ್ನೂ ಮೂರನ್ನು ಸೇರಿಸುತ್ತಿದ್ದರು. ನಮ್ಮ ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಕೇವಲ ರೂಢಶಬ್ದ. ಕೊಡಗಿನಲ್ಲಿ ಯಾರು ಮಾಡಿದ ಗಾಡಿಯಾದರೂ ಏರು ಹತ್ತಿದರೆ ಅದು ಜೀಪು.

ಹೆಸರಿನ ತೊಡಕು ಮೊದಲಾಗುವುದು ಇಲ್ಲಿಯೇ. ವಿಲ್ಲಿಸರಿಂದ ಆ ಹೆಸರು ಕೈಯಿಂದ ಕೈಗೆ ದಾಟುತ್ತ ಈಗ ಸ್ಟೆಲಾಂಟಿಸ್ ಎಂಬ ಐರೋಪ್ಯ ಸಂಸ್ಥೆಯ ವಶದಲ್ಲಿದೆ. ಮಹೀಂದ್ರದವರು 2018ರಲ್ಲಿ ಅಮೆರಿಕದಲ್ಲಿ 'ರಾಕ್ಸರ್' ಎಂಬ ಗಾಡಿಯನ್ನು ಮಾರತೊಡಗಿದಾಗ, ಇದರ ಮುಖ ನಮ್ಮ ಜೀಪಿನ ಮುಖವೆಂದು ಹೆಸರಿನ ಒಡೆಯರು ವ್ಯಾಜ್ಯ ಹೂಡಿದರು. 2020ರಲ್ಲಿ ತೀರ್ಪು ಅವರ ಪರವಾಯಿತು. ಮುಖ ಬದಲಿಸಿದ ಮೇಲೆಯೇ ರಾಕ್ಸರಿಗೆ ಬಿಡುಗಡೆ. ಲಾರಿಗಳ ಕಥೆಯೂ ಹೀಗೆಯೇ. ಇಂಗ್ಲೆಂಡಿನ ಲೇಲ್ಯಾಂಡ್ ಊರಿನ ಕಾರ್ಖಾನೆಯಿಂದ ಈಗ ಹೊರಡುವ ಲಾರಿಗಳ ಮೇಲೆ 'ಡಾಫ್' ಎಂಬ ಹೆಸರಿದೆ. 'ಲೇಲ್ಯಾಂಡ್' ಎಂಬುದು ನಮ್ಮ ದೇಶದ ಲಾರಿ ಬಸ್ಸುಗಳ ಹಣೆಯ ಮೇಲೆ ಜೀವಿಸಿಕೊಂಡಿದೆ. ಟಾಟಾದವರಿಗೂ ಜರ್ಮನಿಯ ಬೆಂಜ್ ಕಂಪೆನಿಯವರಿಗೂ 1954ರಲ್ಲಿ ಏರ್ಪಟ್ಟ ಸಹಯೋಗವು 1969ರಲ್ಲಿ ಮುಗಿಯಿತು. ಆದರೂ ನಮ್ಮ ಬಾಲ್ಯದಲ್ಲಿ ಹಿರಿಯರು ಟಾಟಾ ಲಾರಿಯನ್ನು 'ಬೆಂಜು' ಎಂದೇ ಕರೆಯುತ್ತಿದ್ದರು. ಹೆಸರು ಅಳಿದ ಮೇಲೆಯೂ ಅದರ ಕೀರ್ತಿಯು ಸಾಲದ ಬಡ್ಡಿಯಂತೆ ಓಡುತ್ತಿತ್ತು. ಸಚಿವರನ್ನೂ ಮದುಮಕ್ಕಳನ್ನೂ ಹೊತ್ತ ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. 2017ರಲ್ಲಿ ಅದರ ಬರಿಯ ಹೆಸರು ಎಂಬತ್ತು ಕೋಟಿ ರೂಪಾಯಿಗಳಿಗೆ ಫ್ರಾನ್ಸಿನವರ ಪಾಲಾಯಿತು. ಗಾಡಿಯಿಲ್ಲದ ಗಾಡಿಯ ಹೆಸರಿಗೆ ಎಂಬತ್ತು ಕೋಟಿ! ಶಬ್ದಬ್ರಹ್ಮದ ಮಹಿಮೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ವೈಯಾಕರಣನೂ ಸಾಧಿಸಿರಲಾರನು.

ಆ ದಿನ ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ. ಕಕ್ಕಡ ಮಾಸದ ಹದಿನೆಂಟನೆಯ ದಿವಸ ಆ ಸೊಪ್ಪಿನಲ್ಲಿ ಔಷಧಿಗುಣವು ಪೂರ್ಣವಾಗಿರುತ್ತದೆಂದು ಅಲ್ಲಿಯವರ ನಂಬಿಕೆ. ಪಾಯಸದ ಬಣ್ಣ ನೇರಳೆ. ಕಡಂಬುಟ್ಟು, ಎಳೆ ಬಿದಿರಿನ ಪಲ್ಯ, ಜೇನು ಇವುಗಳೊಂದಿಗೆ ನಮಗಾಗಿ ಬೇರೆ ಒಲೆಯ ಮೇಲೆ ಅಡಿಗೆ ಮಾಡಿದ್ದರು. ಊಟವಾದ ಮೇಲೆ ವಾದಿ ಪ್ರತಿವಾದಿಗಳು ಎದುರು ಕುಳಿತರು.

ಸೊಸೆಯ ಮಾತು ಹೀಗೆ: "ಅವ್ವನನ್ನು ತಿಂಗಳಿಗೊಂದು ಸಾರಿ ಮೈಸೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು ಸಾರ್. ಇದರಲ್ಲಿ ಸೀಟಿಗೆ ಬೆಲ್ಟಿಲ್ಲ, ಮಳೆ ಬಂದರೆ ಒಳಗೇ ಸುರಿಯುತ್ತದೆ. ಕಾಡಿನ ದಾರಿಯಲ್ಲಿ ನಿಂತುಬಿಟ್ಟರೆ ಏನು ಗತಿ? ಕಾಫಿಗೆ ಬೆಲೆ ಬಂದಿರುವಾಗ ತೆಗೆದುಕೊಳ್ಳದಿದ್ದರೆ ಮತ್ತೆ ಯಾವಾಗ?"

ಎಪ್ಪತ್ತೆಂಟು ವರ್ಷದ ಅತ್ತೆಯವರು ನಮ್ಮ ಕಡೆ ತಿರುಗಿ, "ಮಾಷ್ಟ್ರೆ, ನಿಮ್ಮನ್ನು ಆಸ್ಪತ್ರೆಗೆ ಕೊಂಡುಹೋದ ರಾತ್ರಿ ಅದು ನಿಂತಿತಾ?" ಎಂದು ಒಂದೇ ಪ್ರಶ್ನೆ ಕೇಳಿದರು. ಇದಕ್ಕೆ ಉತ್ತರ ಕೊಡುವುದೆಂತು?

ಪ್ರಮಾಣಗಳಲ್ಲಿ ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ಭೇದಗಳಿವೆಯಷ್ಟೆ. ಗಾಡಿಯ ಕೀರ್ತಿಯೆಂಬುದು ಶಬ್ದಪ್ರಮಾಣ. ಆಪ್ತನ ಮಾತಾದರೆ ಮಾತ್ರ ಅದು ಪ್ರಮಾಣ. ಮಾರುವವನು ಆಪ್ತನಲ್ಲ, ಪತ್ರಿಕೆಯ ಜಾಹೀರಾತು ಸುತರಾಂ ಅಲ್ಲ. ಹೆಸರನ್ನೇ ನಂಬಿ ನಿವೃತ್ತಿಯ ಹಣದಲ್ಲಿ ನಾವೂ ಒಂದು ಕಾರನ್ನು ಕೊಂಡು, ಮೊದಲನೆಯ ವರ್ಷದಲ್ಲಿಯೇ ನಾಲ್ಕು ಬಾರಿ ಅದನ್ನು ಎಳೆಸಿಕೊಂಡು ಹೋದುದುಂಟು. ಆ ಹೆಸರು ಇಲ್ಲಿ ಬೇಡ. ಹಾಗಾದರೆ ಆಪ್ತನು ಯಾರು? ಮಾರನೆಯ ದಿವಸ ಶಿಷ್ಯನು ನಮ್ಮನ್ನು ಪೇಟೆಯ ಅಂಚಿನ ಗ್ಯಾರೇಜಿಗೆ ಕರೆದೊಯ್ದನು. ಅದರ ಯಜಮಾನರಾದ ವೃದ್ಧರು ಹುಡುಗರಾಗಿದ್ದಾಗಲೇ ಕಣ್ಣೂರಿನ ಕಡೆಯಿಂದ ಮಾಕುಟ್ಟದ ಘಟ್ಟ ಹತ್ತಿ ಬಂದವರು. ಊರೆಲ್ಲ ಅವರನ್ನು 'ಕಾಕ' ಎಂದೇ ಕರೆಯುತ್ತದೆ.

"ಕಾಕ, ಹಳೆಯ ಗಾಡಿಗಳ ಗಟ್ಟಿತನ ಹೊಸತಕ್ಕೆ ಇಲ್ಲವಂತೆ, ನಿಜವೋ?" ಎಂದು ನಾವು ಕೇಳಿದೆವು. ಅವರು ಕೈಯ ಎಣ್ಣೆಯನ್ನು ಚಿಂದಿಗೆ ಒರೆಸಿಕೊಳ್ಳುತ್ತ ನಕ್ಕರು.

"ಇವರ ತಂದೆಯ ಜೀಪು ತಿಂಗಳಿಗೆ ಎರಡು ಸಾರಿ ಇಲ್ಲಿಗೆ ಬರುತ್ತಿತ್ತು ಮಾಷ್ಟ್ರೆ. ಅದನ್ನು ಯಾರೂ ಲೆಕ್ಕ ಇಟ್ಟಿಲ್ಲ. ಮಳೆಯಲ್ಲಿ ಒಂದು ದಿನ ಜೀವ ಉಳಿಸಿದ್ದು ಮಾತ್ರ ಎಲ್ಲರಿಗೂ ಜ್ಞಾಪಕ. ಎಂಜಿನ್ ಮೊದಲಿನದಲ್ಲ. ಪೆಟ್ರೋಲಿನದು ತೆಗೆದು ಡೀಸೆಲಿನದು ಕೂರಿಸಿದವನು ನಾನೇ. ಗೇರುಬಾಕ್ಸ್ ಬೇರೆ ಗಾಡಿಯದು. ತಗಡು ಮೂರು ಸಾರಿ ಹೊಸದಾಗಿ ಹೊಡೆದಿದ್ದು. ಕಂಪೆನಿಯದು ಅಂತ ಇರುವುದು ಚಾಸಿಸ್ ಮಾತ್ರ."

"ಹಾಗಾದರೆ ಆ ಕೀರ್ತಿ ಸುಳ್ಳೋ?"

"ಸುಳ್ಳು ಅಲ್ಲ. ಕೆಟ್ಟರೆ ಎಲ್ಲಿ ಕೆಟ್ಟಿತೋ ಅಲ್ಲೇ ಸರಿ ಮಾಡಬಹುದಿತ್ತು. ಒಂದು ಸ್ಪಾನರು, ಒಂದು ಸ್ಕ್ರೂಡ್ರೈವರು, ತಂತಿ ಇದ್ದರೆ ಸಾಕು. ಇವರ ತಂದೆಗೂ ಬರುತ್ತಿತ್ತು. ಈಗಿನದು ಅಷ್ಟು ಬೇಗ ಕೆಡುವುದಿಲ್ಲ. ಕೆಟ್ಟರೆ ನನ್ನ ಕೈಗೆ ಸಿಕ್ಕುವುದಿಲ್ಲ. ಕಂಪ್ಯೂಟರ್ ಹಚ್ಚಿ ನೋಡಬೇಕು. ಆದರೆ ಒಂದು ಮಾತು, ಬ್ರೇಕಿನಲ್ಲಿ ಹೊಸದಕ್ಕೂ ಹಳೆಯದಕ್ಕೂ ಅಜಗಜಾಂತರ. ನನ್ನ ಮೊಮ್ಮಕ್ಕಳನ್ನು ನಾನು ಹಳೆಯದರಲ್ಲಿ ಮೈಸೂರಿಗೆ ಕಳಿಸುವುದಿಲ್ಲ."

ಇದು ನಮಗೆ ಹೊಳೆದಿರಲಿಲ್ಲ. ಕೊಡಗಿನಲ್ಲಿ ಜೀಪಿಗೆ ಬಂದ ಕೀರ್ತಿಯಲ್ಲಿ ಅರ್ಧವು ಕಾರ್ಖಾನೆಯದಾದರೆ ಉಳಿದರ್ಧವು ಇಂತಹ ಗ್ಯಾರೇಜುಗಳದು, ತಾವೇ ಬಾನೆಟ್ಟು ಎತ್ತಿ ನೋಡಬಲ್ಲವರಾಗಿದ್ದ ಯಜಮಾನರದು. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತಣ ಬೆಟ್ಟಗಳು ಕುಸಿದು ಹಳ್ಳಿಗಳ ದಾರಿ ಕಡಿದುಹೋದಾಗ ಊರವರೇ ತಮ್ಮ ತಮ್ಮ ಗಾಡಿಗಳನ್ನು ಹೊರಡಿಸಿಕೊಂಡು ಸಿಕ್ಕಿಬಿದ್ದವರನ್ನು ಕರೆತರಲು ಹೋದರು. ಅಲ್ಲಿ ದಾರಿ ತೋರಿದುದು ಗಾಡಿಯ ಹೆಸರಲ್ಲ, ಯಾವ ತಿರುವಿನಲ್ಲಿ ಮಣ್ಣು ಗಟ್ಟಿಯೆಂದು ಬಲ್ಲ ಮನುಷ್ಯನ ಕಣ್ಣು.

ಹೊಸತರ ಪಕ್ಷದಲ್ಲಿಯೂ ನ್ಯಾಯವಿದೆ. 2020ರಲ್ಲಿ ಹೊಸ ರೂಪದಲ್ಲಿ ಬಂದ ಮಹೀಂದ್ರ 'ಥಾರ್' ಗಾಡಿಯು ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ ಐದಕ್ಕೆ ನಾಲ್ಕು ನಕ್ಷತ್ರಗಳನ್ನು ಪಡೆಯಿತು. ಹಳೆಯ ಜೀಪುಗಳ ಕಾಲದಲ್ಲಿ ನಮ್ಮ ದೇಶದಲ್ಲಿ ಅಂತಹ ಪರೀಕ್ಷೆಯೇ ಇರಲಿಲ್ಲ. ಆದರೆ ಕೊಳ್ಳುವವರು ಹೆಸರನ್ನು ನೋಡಿ ಮೋಸಹೋಗಬಾರದು. ಅದೇ ಥಾರ್ 2023ರಿಂದ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಬಲವಿರುವ ರೂಪದಲ್ಲಿಯೂ ದೊರೆಯುತ್ತದೆ. ಟಾಟಾದವರ 'ಸಫಾರಿ' 1998ರಲ್ಲಿ ಬಂದು ಕಾಡುದಾರಿಯ ಗಾಡಿಯೆಂದು ಹೆಸರಾಯಿತು. 2021ರಲ್ಲಿ ಅದೇ ಹೆಸರಿನಿಂದ ಮರಳಿ ಬಂದುದು ಮುಂದಿನ ಚಕ್ರಗಳು ಮಾತ್ರ ಎಳೆಯುವ ಕುಟುಂಬದ ಗಾಡಿ. ಎರಡೂ ತಮ್ಮ ತಮ್ಮ ಕೆಲಸಕ್ಕೆ ಯೋಗ್ಯವಾಗಿರಬಹುದು. ಆದರೆ ಹಳೆಯ ಕೀರ್ತಿಯನ್ನು ನೆನೆದು ಕೊಂಡುತಂದು, ಕಕ್ಕಡದ ಕೆಸರಿನ ಏರಿನಲ್ಲಿ ನಿಂತಾಗ ಯಾರನ್ನು ದೂರುವುದು?

ಸಂಜೆ ಪ್ರತ್ಯಕ್ಷಪ್ರಮಾಣಕ್ಕೂ ಏರ್ಪಾಡಾಯಿತು. ನೆರೆಮನೆಯವರ ಹೊಸ ಗಾಡಿಯನ್ನು ತರಿಸಿ, ಗದ್ದೆಯ ಬಳಿಯಿಂದ ಮನೆಗೆ ಬರುವ ಏರಿನಲ್ಲಿ ಎರಡನ್ನೂ ಹತ್ತಿಸಿದರು. ಸಿಲ್ವರ್ ಓಕ್ ಮರದ ಎಲೆಗಳು ಕೊಳೆತು ದಾರಿಯು ಸಾಬೂನಿನಂತಾಗಿತ್ತು. ಹೊಸತು ಗದ್ದಲವಿಲ್ಲದೆ ಹತ್ತಿತು. ಹಳೆಯದು 'ಫೋರ್ ವೀಲ್' ಹಾಕಿದ ಮೇಲೆ ಗರ್ಜಿಸುತ್ತ ಹತ್ತಿತು. ಇಳಿಯುವಾಗ ಹೊಸತು ಹೇಳಿದಲ್ಲಿ ನಿಂತಿತು. ಹಳೆಯದು ಹೇಳಿದಲ್ಲಿಂದ ನಾಲ್ಕು ಮಾರು ಮುಂದೆ, ಬೇಲಿಯ ಪಕ್ಕದಲ್ಲಿ ನಿಂತಿತು. ಅದರೊಳಗೆ ನಾವಿದ್ದೆವು.

ನಾವು ಜಗುಲಿಗೆ ಬಂದು ಒದ್ದೆ ಪಂಚೆಯನ್ನು ಹಿಂಡಿಕೊಂಡು, ಮೈಸೂರಿನ ದಾರಿಗೆ ಹೊಸ ಗಾಡಿಯೇ ಆಗಬೇಕು, ನಾಲ್ಕೂ ಚಕ್ರಕ್ಕೆ ಬಲವಿರುವುದನ್ನೇ ನೋಡಿ ಕೊಳ್ಳಬೇಕು, ಹತ್ತಿರದಲ್ಲಿ ರಿಪೇರಿ ಎಲ್ಲಿ ಆಗುತ್ತದೆಂದು ಕೊಳ್ಳುವ ಮೊದಲೇ ವಿಚಾರಿಸಬೇಕು, ಹಳೆಯದು ತೋಟದ ಬೇಲಿಯಾಚೆಗೆ ಹೋಗಕೂಡದು ಎಂದು ಹೇಳಿಬಿಟ್ಟೆವು. ಸೊಸೆಯು ಮಾತನಾಡದೆ ಒಳಕ್ಕೆ ಹೋದಳು. ಅತ್ತೆಯವರು ಸ್ವಲ್ಪ ಹೊತ್ತು ಮಳೆಯನ್ನು ನೋಡಿ, "ಅವರು ಗದ್ದೆ ಹತ್ತಿರ ಗೇರು ಬದಲಿಸಿದ ಸದ್ದು ಕೇಳಿದರೆ ನಾನು ಕಾಫಿಗೆ ನೀರಿಡುತ್ತಿದ್ದೆ. ಹೊಸದರ ಸದ್ದೇ ಕೇಳುವುದಿಲ್ಲ" ಎಂದರು. ತರುವಾಯ, "ಬೇಲಿಯಾಚೆಗೆ ಹೋಗಕೂಡದೆಂದಿರಿ. ನಾಳೆ ನಿಮ್ಮನ್ನು ಬಸ್ಸಿಗೆ ಬಿಡುವುದು ಯಾವುದರಲ್ಲಿ?" ಎಂದು ಕೇಳಿದರು.

ಮಾರನೆಯ ಬೆಳಿಗ್ಗೆ ನಾವು ಹಳೆಯ ಜೀಪಿನಲ್ಲಿಯೇ ಗೋಣಿಕೊಪ್ಪಲಿಗೆ ಹೊರಟೆವು. ಅರ್ಧ ದಾರಿಯಲ್ಲಿ ಅದು ನಿಂತಿತು. ಶಿಷ್ಯನು ಬಾನೆಟ್ಟು ಎತ್ತಿ, ಡೀಸೆಲ್ ಪೈಪಿನ ತಿರುಪನ್ನು ಸಡಿಲಿಸಿ ಗಾಳಿಯನ್ನು ಹೊರಬಿಟ್ಟು, ಹತ್ತು ನಿಮಿಷದಲ್ಲಿ ಮತ್ತೆ ಹೊರಡಿಸಿದನು. ಮೈಸೂರಿನ ಬಸ್ಸು ಆಗಲೇ ಹೋಗಿತ್ತು. ಮುಂದಿನದಕ್ಕೆ ಮುಕ್ಕಾಲು ಗಂಟೆ ಇದ್ದುದರಿಂದ ಇಬ್ಬರೂ ಜೀಪಿನ ಟಾರ್ಪಾಲಿನ ಕೆಳಗೆ ಕುಳಿತು, ಅವ್ವ ಕಟ್ಟಿಕೊಟ್ಟಿದ್ದ ಅಕ್ಕಿರೊಟ್ಟಿಯನ್ನು ತಿಂದೆವು.