ಒಂದು ಗ್ರಾಂ ಬಾಟಲಿ

2021ರ ಮೇ ತಿಂಗಳು. ಬಳ್ಳಾರಿ ಕಂಟೋನ್ಮೆಂಟಿನ ಬಾಡಿಗೆ ರೂಮಿನಲ್ಲಿ ಒಬ್ಬನೇ ಇದ್ದೆ. ವಿಮ್ಸ್ ಕಡೆಗೆ ಓಡುವ ಆಂಬುಲೆನ್ಸುಗಳನ್ನು ಬಿಟ್ಟರೆ ರಸ್ತೆ ಖಾಲಿ. ಸಿರುಗುಪ್ಪದ ಚಿಕ್ಕಪ್ಪನಿಗೆ ಆಕ್ಸಿಜನ್ ಹಾಕಿ ನಾಲ್ಕು ದಿನವಾಗಿತ್ತು. ರಾತ್ರಿ ಚಿಕ್ಕಮ್ಮನ ಫೋನು.

"ಟೀವ್ಯಾಗ ತೋರಸಾಕತ್ತಾರಲ್ಲಪ್ಪಾ, ನೀರಾಗ ಕಲಸಿ ಕುಡಿಯೋ ಪುಡಿ. ನಿನ್ನ ಲ್ಯಾಬಿನಾಗ ಐತಂತ ನೀನೇ ಹೇಳಿದ್ದಿ. ಒಂದೀಟು ತಗಂಬಾ."

ಹೇಳಿದ್ದು ನಿಜ. ಸುದ್ದಿ ಬಂದ ದಿನವೇ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಜಂಬ ಕೊಚ್ಚಿದ್ದೆ. ಎಂಎಸ್‌ಸಿ ಪ್ರಾಜೆಕ್ಟಿನಲ್ಲಿ ಆ ಪುಡಿಯನ್ನು ಯೀಸ್ಟಿಗೆ ಹಾಕುವುದೇ ನನ್ನ ಕೆಲಸವಾಗಿತ್ತು.

2-ಡಿಆಕ್ಸಿ-ಡಿ-ಗ್ಲೂಕೋಸ್. ನೋಡಲು ಗ್ಲೂಕೋಸೇ, ಎರಡನೇ ಇಂಗಾಲದ ಬಳಿ ಒಂದು ಆಮ್ಲಜನಕ ಇಲ್ಲ ಅಷ್ಟೆ. ಜೀವಕೋಶ ಮೋಸಹೋಗಿ ಒಳಕ್ಕೆ ಬಿಟ್ಟುಕೊಳ್ಳುತ್ತದೆ, ಅದಕ್ಕೊಂದು ಫಾಸ್ಫೇಟ್ ಅಂಟಿಸುತ್ತದೆ. ಆಮೇಲೆ ಅರಗಿಸಲೂ ಆಗದು, ಹೊರಹಾಕಲೂ ಆಗದು. 1950ರ ದಶಕದಿಂದ ಕ್ಯಾನ್ಸರಿಗೆಂದು ಪ್ರಯೋಗಿಸುತ್ತ ಬಂದರೂ ಯಾವ ಕಾಯಿಲೆಗೂ ಇದು ಔಷಧಿಯೆಂದು ಒಪ್ಪಿಗೆ ಪಡೆದಿರಲಿಲ್ಲ. ಸೋಂಕು ತಗುಲಿದ ಕೋಶಗಳು ಹೆಚ್ಚು ಸಕ್ಕರೆ ಬೇಡುತ್ತವೆ, ಅವನ್ನೇ ಉಪವಾಸ ಕೆಡವಬಹುದು ಎಂಬ ಲೆಕ್ಕದಲ್ಲಿ ಡಿಆರ್‌ಡಿಒ ಇದನ್ನು ಕೋವಿಡ್‌ಗೆ ತಂದಿತು. ಮೇ 1ಕ್ಕೆ ತುರ್ತು ಅನುಮತಿ ಸಿಕ್ಕಿತು.

ಆಗ ನನ್ನ ಕೈಯಲ್ಲಿದ್ದದ್ದು ಒಂದು ಪತ್ರಿಕಾ ಪ್ರಕಟಣೆ ಮಾತ್ರ. 220 ರೋಗಿಗಳು, 27 ಆಸ್ಪತ್ರೆ. ಮೂರನೇ ದಿನಕ್ಕೆ ಆಕ್ಸಿಜನ್ ಬೇಡವಾದವರು ಪುಡಿ ಕುಡಿದವರಲ್ಲಿ ಶೇ. 42, ಕುಡಿಯದವರಲ್ಲಿ ಶೇ. 31. ಬದುಕಿ ಉಳಿದವರ ಲೆಕ್ಕವಲ್ಲ ಇದು. ಆದರೂ ನೂರಕ್ಕೆ ಹನ್ನೊಂದು ಮಂದಿ! ಆ ರಾತ್ರಿ ನಿದ್ದೆ ಬರಲಿಲ್ಲ.

ಯೀಸ್ಟ್ ನೋಡಿಕೊಳ್ಳಲೆಂದು ಲ್ಯಾಬಿನ ಕೀಲಿ ನನ್ನಲ್ಲೇ ಇತ್ತು. ಬೆಳಿಗ್ಗೆ ಹೋಗಿ ಫ್ರಿಜ್ ತೆಗೆದೆ. ಹೆಬ್ಬೆರಳಿನಷ್ಟು ಬಾಟಲಿ, ಒಂದು ಗ್ರಾಂ, ಅದರಲ್ಲೂ ಕಾಲು ಭಾಗ ನಾನೇ ಖರ್ಚು ಮಾಡಿದ್ದೆ. ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ ಎಂದು ಚೀಟಿ. ಚಿಕ್ಕಪ್ಪನಿಗೆ ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. ಮಿದುಳು ಬದುಕುವುದೂ ಗ್ಲೂಕೋಸಿನಿಂದಲೇ. ನಾನು ಉಪವಾಸ ಕೆಡವುತ್ತಿರುವುದು ಯಾವ ಕೋಶವನ್ನು? ಬಾಟಲಿಯನ್ನು ಜೇಬಿಗೂ ಹಾಕಿಕೊಂಡೆ, ಸುಳ್ಳೇಕೆ. ಬಾಗಿಲವರೆಗೆ ಹೋಗಿ ವಾಪಸ್ ಇಟ್ಟೆ.

"ಅದು ಬ್ಯಾರೆ ಪುಡಿ ಚಿಗಮ್ಮಾ" ಅಂದೆ ಫೋನಿನಲ್ಲಿ. ಬೇರೆಯಾಗಿರಲಿಲ್ಲ.

ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯವರಲ್ಲಿ ಇದನ್ನು ಪರೀಕ್ಷಿಸಿಲ್ಲ, ಎಚ್ಚರವಿರಲಿ ಎಂದು ಡಿಆರ್‌ಡಿಒ ಹೇಳಿದ್ದು ಜೂನ್ 1ಕ್ಕೆ. ಅಷ್ಟರಲ್ಲಿ ಚಿಕ್ಕಪ್ಪ ಹೋಗಿ ಮೂರು ದಿನವಾಗಿತ್ತು. ಸಾಮಾಧಾನವಾಯಿತು ಅಂದರೆ ಅದೂ ಒಂದು ಥರದ ಕಳ್ಳತನವೇ. ತಿಂಗಳ ಕೊನೆಗೆ ಪುಡಿ ಮಾರುಕಟ್ಟೆಗೆ ಬಂತು. 2.34 ಗ್ರಾಂನ ಪೊಟ್ಟಣಕ್ಕೆ 990 ರೂಪಾಯಿ.

ದೀಪಾವಳಿಗೆ ಸಿರುಗುಪ್ಪಕ್ಕೆ ಹೋದಾಗ ಅನ್ನ ಬಡಿಸುತ್ತಾ ಚಿಕ್ಕಮ್ಮ ಕೇಳಿದಳು, "ಆ ಬಾಟ್ಲಿ ಈಗ್ಲೂ ಐತೇನಪ್ಪಾ?"

"ಐತಿ" ಅಂದೆ.

ಇನ್ನೊಂದು ಸೌಟು ಸಾರು ಹಾಕಿ ಒಳಗೆ ಹೋದಳು.