ಗೋಥೆನ್‌ಬರ್ಗಿಗೆ ಬರುವ ಮೈಸೂರಿನ ಮಿತ್ರರಿಗೆ



ನಿಮ್ಮ ಪತ್ರ ಓದಿ ಮನಸ್ಸು ತುಂಬಿತು. ಮಗಳು ಇಲ್ಲಿ ಕೆಲಸಕ್ಕೆ ಸೇರಿದ್ದಾಳೆ, ಮೇ ತಿಂಗಳಲ್ಲಿ ನೀವಿಬ್ಬರೂ ಬಂದು ಬೇಸಿಗೆಯೆಲ್ಲ ಅವಳ ಜೊತೆ ಇರುತ್ತೀರಿ ಎಂದು ಬರೆದಿದ್ದೀರಿ. ಜೊತೆಗೊಂದು ಬೇಡಿಕೆಯನ್ನೂ ಇಟ್ಟಿದ್ದೀರಿ: "ಮ್ಯೂಸಿಯಂ, ಉದ್ಯಾನಗಳನ್ನೆಲ್ಲ ಮಗಳು ತೋರಿಸುತ್ತಾಳೆ. ಅವಳು ಆಫೀಸಿಗೆ ಹೋದ ಮೇಲೆ ನಾನೊಬ್ಬನೇ ಸುತ್ತಾಡಲು ಎರಡು ಬೀದಿ ಹೇಳಿ. ಹಳೆಯ ರೆಕಾರ್ಡ್ ಸಿಗಬೇಕು, ಹೊಟ್ಟೆಗೂ ಏನಾದರೂ ಸಿಗಬೇಕು." ಇಷ್ಟು ಚೆನ್ನಾದ ಬೇಡಿಕೆಗೆ ಎರಡು ಸಾಲಿನ ಉತ್ತರ ಸಾಲದು, ಅದಕ್ಕೇ ಈ ಉದ್ದದ ಪತ್ರ.

ಗೋಥೆನ್‌ಬರ್ಗ್ 1621ರಲ್ಲಿ ಹುಟ್ಟಿದ ಬಂದರು ಪಟ್ಟಣ. ಡಚ್ಚರ ನೆರವಿನಿಂದ ಕಟ್ಟಿದ್ದರಿಂದ ಊರಿನ ನಡುವೆ ಕಾಲುವೆಗಳಿವೆ. ಒಂದು ಕಾಲದಲ್ಲಿ ಹಡಗು ಕಟ್ಟುವವರ ಊರಾಗಿತ್ತು, 1927ರಿಂದ ವೋಲ್ವೊ ಕಾರಿನ ಊರೂ ಆಯಿತು. ಆ ಕಾರಣಕ್ಕೇ ಬೆಂಗಳೂರಿನ ಎಂಜಿನಿಯರುಗಳು ಇಲ್ಲಿಗೆ ಬರುತ್ತಾರೆ. ಟ್ರಾಮಿನಲ್ಲಿ ಒಮ್ಮೊಮ್ಮೆ ಹಿಂದಿನ ಸೀಟಿನಿಂದ ಕನ್ನಡ ಕಿವಿಗೆ ಬೀಳುತ್ತದೆ. ಸ್ಟಾಕ್‌ಹೋಮಿನ ರಾಜಗಾಂಭೀರ್ಯ ಇಲ್ಲಿಲ್ಲ. ಇದು ದುಡಿಯುವ ಜನರ ಊರು. ಅಪರಿಚಿತರ ಜೊತೆ ಮಾತಿಗೆ ನಿಲ್ಲುವ ಸ್ವಭಾವ ಸ್ವೀಡನ್ನಿನ ಉಳಿದೆಡೆಗಿಂತ ಇಲ್ಲಿ ಒಂದು ಕೈ ಹೆಚ್ಚು. ರೆಕಾರ್ಡ್ ಅಂಗಡಿಗೆ ಹೋಗುವವರಿಗೆ ಬೇಕಾದ ಗುಣವೂ ಅದೇ.

ಮೊದಲ ದಿನ ಹನ್ನೊಂದನೇ ನಂಬರಿನ ಟ್ರಾಮ್ ಹತ್ತಿ ಸ್ಟೀಗ್‌ಬೆರಿಸ್‌ಟೋರ್ಯೆಟ್ ಎಂಬ ಚೌಕದಲ್ಲಿ ಇಳಿಯಿರಿ. ಅಲ್ಲೇ ಬೆಂಗನ್ಸ್ ಇದೆ, 1974ರಲ್ಲಿ ಶುರುವಾದ ರೆಕಾರ್ಡ್ ಅಂಗಡಿ. ಹಿಂದೆ ಸಿನಿಮಾ ಮಂದಿರವಾಗಿದ್ದ ಜಾಗವಾದ್ದರಿಂದ ಒಳಗೆ ಬೇಕಾದಷ್ಟು ಎತ್ತರ, ಅಗಲ. ಹೊಸ ಎಲ್‌ಪಿ, ಸಿಡಿ, ಹಳೆಯ ಮಾಲು ಎಲ್ಲವೂ ಇವೆ. ಆಗಾಗ ಕಲಾವಿದರು ಅಂಗಡಿಯಲ್ಲೇ ಹಾಡುವುದೂ ಉಂಟು. ಅವಸರ ಮಾಡಬೇಡಿ. ಒಂದು ಸಾಲು ಹುಡುಕಿ, ಕಾಫಿ ಕುಡಿದು ಬಂದು ಇನ್ನೊಂದು ಸಾಲು ಹುಡುಕಿ.

ಅಂಗಡಿಯಿಂದ ಹೊರಬಂದು ಸುತ್ತಲಿನ ಮಾಯೋರ್ನಾ ಬಡಾವಣೆಯಲ್ಲಿ ಕಾಲಾಡಿಸಿ. ಅಲ್ಲಿನ ಮನೆಗಳ ಕೆಳ ಅಂತಸ್ತು ಕಲ್ಲಿನದು ಅಥವಾ ಇಟ್ಟಿಗೆಯದು, ಮೇಲಿನ ಎರಡು ಅಂತಸ್ತು ಮರದವು. ಬೆಂಕಿಯ ಭಯದಿಂದ ಎರಡಕ್ಕಿಂತ ಹೆಚ್ಚು ಅಂತಸ್ತಿನ ಮರದ ಮನೆ ಕಟ್ಟಬಾರದೆಂಬ ನಿಯಮವಿತ್ತು. ಕೆಳಗಿನದನ್ನು ಕಲ್ಲಿನಲ್ಲಿ ಕಟ್ಟಿದರೆ ಮೇಲೆ ಎರಡು ಮರದ ಅಂತಸ್ತು ಏರಿಸಬಹುದೆಂದು 1870ರ ದಶಕದಲ್ಲಿ ದಾರಿ ಕಂಡುಕೊಂಡರು. ಕಾರ್ಮಿಕ ಕುಟುಂಬಗಳಿಗೆ ಅಗ್ಗದಲ್ಲಿ ಸೂರು ಸಿಕ್ಕಿತು. ಇಂಥ ಮನೆಗಳ ಕೆಳ ಅಂತಸ್ತಿನ ಸಣ್ಣ ಕೋಣೆಗಳೇ ಇಂದು ಬೇಕರಿ, ಕೆಫೆ, ಹಳೇ ಪುಸ್ತಕದಂಗಡಿಗಳಾಗಿವೆ.

ಎರಡನೆಯ ಬೀದಿ ಆಂಡ್ರಾ ಲೋಂಗ್‌ಗಾಟನ್. ಇಲ್ಲಿ ನಾಲ್ಕು ಉದ್ದ ಬೀದಿಗಳು ಅಕ್ಕಪಕ್ಕದಲ್ಲಿವೆ, ಇದು ಅವುಗಳಲ್ಲಿ ಎರಡನೆಯದು. ಯಾರ್ನ್‌ಟೋರ್ಯೆಟ್ ಚೌಕದಿಂದ ನಡೆದೇ ಹೋಗಬಹುದು. ಒಂದು ಕಾಲದಲ್ಲಿ ನಾವಿಕರ, ಹೆಂಡದಂಗಡಿಗಳ ಬೀದಿಯಾಗಿ ಹೆಸರು ಕೆಡಿಸಿಕೊಂಡಿತ್ತು. ಈಗ ಇದು ಊರಿನ ಸಂಗೀತಪ್ರಿಯರು ಸೇರುವ ಜಾಗ. ಡರ್ಟಿ ರೆಕಾರ್ಡ್ಸ್ ಇರುವುದು ಇಲ್ಲೇ. ಬೆಂಗನ್ಸ್ ದೊಡ್ಡ ಮಳಿಗೆಯಾದರೆ ಇದು ಮೊಣಕೈಗೆ ಮೊಣಕೈ ತಾಗುವ ಅಂಗಡಿ. ನಿಮ್ಮ ಪಕ್ಕದಲ್ಲಿ ನಿಂತು ಪೆಟ್ಟಿಗೆ ತಡಕುತ್ತಿರುವವರು ಏನು ಎತ್ತಿಕೊಂಡರು ಎಂಬುದರ ಮೇಲೂ ನಿಮ್ಮ ಕಣ್ಣಿರುತ್ತದೆ.

ಈಗ ನನ್ನ ಮನಸ್ಸಿನ ಮಾತು. ಸ್ಪಾಟಿಫೈ ಹುಟ್ಟಿದ್ದು ಈ ದೇಶದಲ್ಲೇ, 2006ರಲ್ಲಿ, ಸ್ಟಾಕ್‌ಹೋಮಿನಲ್ಲಿ. 2008ರಲ್ಲಿ ಅದು ಜನರ ಕೈಗೆ ಬಂತು. ಅದಕ್ಕೂ ಮೊದಲು, 2003ರಲ್ಲಿ, ಹಾಡುಗಳನ್ನು ಪುಕ್ಕಟೆ ಇಳಿಸಿಕೊಳ್ಳಲು ದಾರಿಯಾದ ಪೈರೇಟ್ ಬೇ ಜಾಲತಾಣ ಇಲ್ಲಿಂದಲೇ ಶುರುವಾಗಿತ್ತು. ಲೋಕದ ರೆಕಾರ್ಡ್ ಅಂಗಡಿಗಳಿಗೆ ದೊಡ್ಡ ಹೊಡೆತ ಕೊಟ್ಟ ಎರಡು ಸಂಗತಿಗಳು ಒಂದೇ ನೆಲದವು. ಆದರೂ ಅದೇ ನೆಲದಲ್ಲಿ ಐವತ್ತು ವರ್ಷ ದಾಟಿದ ಅಂಗಡಿಯೊಂದು ಬಾಗಿಲು ತೆರೆದೇ ಇದೆ. ಹಳೆಯದರ ಮೇಲಿನ ಮೋಹವೊಂದರಿಂದ ಯಾವ ಅಂಗಡಿಯೂ ಬಾಡಿಗೆ ಕಟ್ಟಲಾರದು. ಫೋನಿನಲ್ಲಿ ನಮಗೆ ಬೇಕಾದ್ದೆಲ್ಲ ಸಿಗುತ್ತದೆ ನಿಜ, ಆದರೆ ನಮಗೆ ಏನು ಬೇಕೆಂದು ನಮಗೇ ಗೊತ್ತಿಲ್ಲದಿದ್ದಾಗ ಕೌಂಟರಿನ ಹಿಂದಿರುವ ಮನುಷ್ಯ ಬೇಕಾಗುತ್ತದೆ. "ಇದು ಇಷ್ಟವಾದರೆ ಅದನ್ನೂ ಕೇಳಿ ನೋಡಿ" ಎಂದು ಆತ ಎದ್ದು ಹೋಗಿ ಒಂದು ಎಲ್‌ಪಿ ತಂದು ಸೂಜಿ ಇಡುತ್ತಾನಲ್ಲ, ಅಂಗಡಿ ಉಳಿದಿರುವುದು ಅದರಿಂದ.

ಕೊಳ್ಳುವವರು ಇರುವುದಕ್ಕೂ ಕಾರಣವಿದೆ. ಸ್ವೀಡನ್ನಿನಲ್ಲಿ ಊರೂರಿನ ಪೌರಾಡಳಿತ ನಡೆಸುವ ಸಂಗೀತ ಶಾಲೆಗಳಿವೆ. ಕೂಲಿಯವರ ಮಕ್ಕಳೂ ಅಲ್ಲಿ ಪಿಟೀಲೋ ಡ್ರಮ್ಮೋ ಕಲಿಯಬಹುದು. ಬೆಳೆದ ಮೇಲೆ ನಾಲ್ವರು ಸೇರಿ ಬ್ಯಾಂಡ್ ಕಟ್ಟಿದರೆ, ಅಧ್ಯಯನ ಬಳಗದ ಹೆಸರಿನಲ್ಲಿ ಅಭ್ಯಾಸಕ್ಕೆ ಕೋಣೆ ಸಿಗುತ್ತದೆ. ನುಡಿಸಲು ಕಲಿತವರು ಕೇಳಲೂ ಕಲಿಯುತ್ತಾರೆ.

ನೀವು ಏನು ಹುಡುಕಬೇಕು? ಮೊದಲು ಯಾನ್ ಯೂಹಾನ್‌ಸನ್. ಪಿಯಾನೊದಲ್ಲಿ ಸ್ವೀಡನ್ನಿನ ಜಾನಪದ ಧಾಟಿಗಳನ್ನು ನುಡಿಸಿದವರು, ಜೊತೆಗೆ ಯೋರಿ ರೀಡೆಲ್ ಅವರ ಬಾಸ್, ಅಷ್ಟೇ. 1964ರಲ್ಲಿ ಬಂದ 'ಯಾಜ್ ಪೋ ಸ್ವೆನ್ಸ್ಕಾ' ಈ ದೇಶದ ಜಾಜ್ ರೆಕಾರ್ಡುಗಳಲ್ಲೆಲ್ಲ ಹೆಚ್ಚು ಮಾರಾಟವಾದದ್ದು. 1968ರಲ್ಲಿ ಅಪಘಾತವೊಂದರಲ್ಲಿ ಅವರು ತೀರಿಕೊಂಡರು, ವಯಸ್ಸು ಇನ್ನೂ ನಲವತ್ತು ಆಗಿರಲಿಲ್ಲ. ಆಲಾಪ ಕೇಳಿ ಬೆಳೆದ ಕಿವಿಗೆ ಆ ನಿಧಾನ ಹೊಸದೆನಿಸುವುದಿಲ್ಲ. ಅದೇ 1964ರಲ್ಲಿ ಮೋನಿಕಾ ಸೆಟ್ಟರ್‌ಲುಂಡ್ ಅಮೆರಿಕದ ಬಿಲ್ ಇವಾನ್ಸ್ ಜೊತೆ ಹಾಡಿದ 'ವಾಲ್ಟ್ಸ್ ಫಾರ್ ಡೆಬಿ'ಯನ್ನೂ ಕೇಳಿ.

ನಮ್ಮ ಕಡೆಯ ನಂಟೂ ಆ ಪೆಟ್ಟಿಗೆಗಳಲ್ಲಿದೆ. ಬೆಂಗ್ಟ್ ಬೆರ್ಯರ್ ಎಂಬ ಸ್ವೀಡನ್ನಿನ ತಾಳವಾದ್ಯಗಾರರು ಭಾರತಕ್ಕೆ ಬಂದು ಕಲಿತವರು. ಅವರ 'ಬಿಟರ್ ಫ್ಯೂನರಲ್ ಬಿಯರ್' ಘಾನಾ ದೇಶದ ಶವಸಂಸ್ಕಾರದ ಸಂಗೀತದಿಂದ ಹುಟ್ಟಿದ್ದು; ಅದರಲ್ಲಿ ಡಾನ್ ಚೆರಿ ಅವರ ತುತ್ತೂರಿಯ ಜೊತೆಗೆ ಕೆ. ಶ್ರೀಧರ್ ಅವರ ಸರೋದ್ ಇದೆ. 1979ರಲ್ಲಿ ಈ ದೇಶದಲ್ಲೇ ಶುರುವಾದ ಮಿಂಟಾ ಎಂಬ ತಂಡದಲ್ಲಿ ಅಲ್ಲಾ ರಖಾ ಅವರ ಮಗ ಫಜಲ್ ಖುರೇಷಿ ಬಹುಕಾಲ ತಬಲಾ ನುಡಿಸಿದರು, ಶಂಕರ್ ಮಹದೇವನ್ ಹಾಡಿದರು.

ಮೈಸೂರಿನವರಾದ ನೀವು ಕ್ಲಾಸಿಕಲ್ ಪೆಟ್ಟಿಗೆಯಲ್ಲಿ ಮೆಡ್ನರ್ ಎಂಬ ಹೆಸರನ್ನೂ ಹುಡುಕಿ. ಲಂಡನ್ನಿನಲ್ಲಿ ಮರೆವಿಗೆ ಸರಿಯುತ್ತಿದ್ದ ಈ ರಷ್ಯನ್ ಸಂಗೀತಗಾರನ ಕೃತಿಗಳನ್ನು ಆತನೇ ನುಡಿಸಿ ಎಚ್‌ಎಂವಿಯಲ್ಲಿ ಮುದ್ರಿಸುವಂತೆ 1940ರ ದಶಕದ ಕೊನೆಯಲ್ಲಿ ಹಣ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರು. ಆತ ತನ್ನ ಮೂರನೆಯ ಪಿಯಾನೊ ಕಾನ್ಸೆರ್ಟೊವನ್ನು ಅವರಿಗೇ ಅರ್ಪಿಸಿದ. ಗೋಥೆನ್‌ಬರ್ಗಿನ ಪೆಟ್ಟಿಗೆಯೊಂದರಲ್ಲಿ ಆ ಹೆಸರು ಸಿಕ್ಕರೆ ಅಂಗಡಿಯವರಿಗೆ ಈ ಕಥೆ ಹೇಳಿ. ಅಲ್ಲಿಂದ ಮಾತು ತಾನಾಗಿ ಬೆಳೆಯುತ್ತದೆ.

ಬೆಂಗಳೂರಿನ ಮೊಮ್ಮಗನಿಗೆ ಏನು ಒಯ್ಯಲಿ ಎಂದು ಕೇಳಿದ್ದಿರಿ. 2011ರಲ್ಲಿ ಅರಮನೆ ಮೈದಾನದಲ್ಲಿ ಮೆಟಾಲಿಕಾ ಕೇಳಲು ಹೋದ ಹುಡುಗನಾದರೆ ಆಯ್ಕೆ ಸುಲಭ. ಮೆಲೋಡಿಕ್ ಡೆತ್ ಮೆಟಲ್ ಎಂಬ ಪ್ರಕಾರಕ್ಕೆ ಈ ಊರೇ ತವರು. ಅಟ್ ದ ಗೇಟ್ಸ್ ತಂಡದ 'ಸ್ಲಾಟರ್ ಆಫ್ ದ ಸೋಲ್' (1995), ಇನ್ ಫ್ಲೇಮ್ಸ್ ತಂಡದ 'ದ ಜೆಸ್ಟರ್ ರೇಸ್' (1996), ಎರಡರಲ್ಲಿ ಯಾವುದನ್ನು ಕೊಟ್ಟರೂ ಅಜ್ಜನ ಬಗ್ಗೆ ಗೌರವ ಹೆಚ್ಚುತ್ತದೆ.

ಊಟದ ವಿಷಯಕ್ಕೆ ಬರೋಣ. ಸ್ವೀಡನ್ನಿನಲ್ಲಿ ಹೊರಗೆ ಊಟ ದುಬಾರಿ ಎಂಬ ಮಾತು ರಾತ್ರಿಗೆ ನಿಜ, ಮಧ್ಯಾಹ್ನಕ್ಕೆ ಅಷ್ಟಾಗಿ ಅಲ್ಲ. ಕೆಲಸದ ದಿನಗಳಲ್ಲಿ ಹನ್ನೊಂದರಿಂದ ಎರಡರವರೆಗೆ ಬಹುತೇಕ ಹೋಟೆಲುಗಳು 'ದಾಗೆನ್ಸ್ ಲುಂಚ್' ಬಡಿಸುತ್ತವೆ, ನಮ್ಮ ಮಿನಿ ಮೀಲ್ಸ್ ಇದ್ದಂತೆ: ಒಂದು ಮುಖ್ಯ ತಿನಿಸು, ಸಲಾಡ್, ಬ್ರೆಡ್ಡು ಬೆಣ್ಣೆ, ಕೊನೆಗೆ ಕಾಫಿ, ಎಲ್ಲಕ್ಕೂ ಸೇರಿ ಒಂದೇ ಬೆಲೆ. ಹೊರಗೆ ಹಲಗೆಯ ಮೇಲೆ ಬರೆದಿರುತ್ತಾರೆ. ಹನ್ನೊಂದೂವರೆಗೇ ಹೋಗಿ ಕೂತುಬಿಡಿ, ಹನ್ನೆರಡಕ್ಕೆ ಆಫೀಸಿನವರು ತುಂಬುತ್ತಾರೆ. ಗುರುವಾರ ಹಳದಿ ಬಟಾಣಿ ಸೂಪು ಮತ್ತು ಪ್ಯಾನ್‌ಕೇಕ್ ಇಲ್ಲಿನ ಹಳೆಯ ರೂಢಿ. ಆದರೆ ಆ ಸೂಪಿನಲ್ಲಿ ಸಾಮಾನ್ಯವಾಗಿ ಹಂದಿಮಾಂಸ ಇರುತ್ತದೆ. ನೀವು ಸಸ್ಯಾಹಾರಿಗಳಾದ್ದರಿಂದ ಮೊದಲೇ "ವೆಗೆಟಾರಿಸ್ಕ್" ಎಂದು ಕೇಳಿ. ಯಾರೂ ಬೇಸರಿಸುವುದಿಲ್ಲ.

ನಿಮಗೆ ಆಸರೆ ಫಲಾಫೆಲ್. ಲೆಬನಾನ್, ಪ್ಯಾಲೆಸ್ಟೈನ್, ಇರಾಕುಗಳಿಂದ ಬಂದು ನೆಲೆಸಿದವರು ತಂದ ಈ ಕಡಲೆಯ ವಡೆ ಈಗ ಅಪ್ಪಟ ಸ್ವೀಡಿಷ್ ತಿನಿಸೇ ಆಗಿಬಿಟ್ಟಿದೆ. ದಕ್ಷಿಣದ ಮಾಲ್ಮೊ ಪಟ್ಟಣವಂತೂ ಫಲಾಫೆಲ್‌ಗೇ ಹೆಸರುವಾಸಿ. ಅಲ್ಲಿಗೆ ಹೋದರೆ ಮೊಲ್ಲೆವೋಂಗನ್ ಮಾರುಕಟ್ಟೆ ಚೌಕದ ಸುತ್ತ ತಿನ್ನದೆ ಬರಬೇಡಿ.

ಗೋಥೆನ್‌ಬರ್ಗಿನಲ್ಲೇ ಇರುವ ಹಾಗಾ ಬಡಾವಣೆಗೂ ಒಂದು ಮಧ್ಯಾಹ್ನ ಎತ್ತಿಡಿ. 1970ರ ದಶಕದಲ್ಲಿ ಇಲ್ಲಿನ ಹಳೆಯ ಮರದ ಮನೆಗಳನ್ನು ಕೆಡವುವ ಯೋಜನೆಯಿತ್ತು, ಒಂದಷ್ಟು ಉರುಳಿಯೂ ಹೋದವು. ಜನ ಎದ್ದು ನಿಂತು ಉಳಿದವನ್ನು ಕಾಪಾಡಿಕೊಂಡರು. ಇಲ್ಲಿನ ಕೆಫೆ ಹುಸಾರನ್ ತಟ್ಟೆಯಗಲದ ದಾಲ್ಚಿನ್ನಿ ಬನ್ನಿಗೆ ಹೆಸರಾದದ್ದು. ಒಂದನ್ನು ನಾಲ್ಕು ಜನ ಹಂಚಿಕೊಳ್ಳಬಹುದು. ಸ್ವೀಡನ್ನಿನ ಬನ್ನಿನ ಹಿಟ್ಟಿನಲ್ಲಿ ಏಲಕ್ಕಿ ಹಾಕುವುದು ರೂಢಿ. ನಮ್ಮ ಪಶ್ಚಿಮ ಘಟ್ಟದಲ್ಲಿ ಹುಟ್ಟಿದ ಬೆಳೆ ಈ ಚಳಿದೇಶದ ಅಡುಗೆಮನೆಗಳಲ್ಲೂ ಇದೆಯೆಂದರೆ ನನಗೆ ಈಗಲೂ ಹೆಮ್ಮೆ. ಹತ್ತಿರದಲ್ಲೇ ಫೆಸ್ಕೆಶೋರ್ಕಾ, ಇಗರ್ಜಿಯ ಆಕಾರದ ಮೀನು ಮಾರುಕಟ್ಟೆ, 1874ರದು. ನೀವು ಮೀನು ತಿನ್ನದಿದ್ದರೂ ಕಟ್ಟಡ ನೋಡಿ ಬನ್ನಿ.

ಸ್ಟಾಕ್‌ಹೋಮಿಗೆ ಹೋದರೆ ಸೋಡರ್‌ಮಾಲ್ಮ್ ದ್ವೀಪ ನಿಮ್ಮದು. 1979ರಲ್ಲಿ ಹುಟ್ಟಿದ ಪೆಟ್ ಸೌಂಡ್ಸ್ ರೆಕಾರ್ಡ್ ಅಂಗಡಿ ಅಲ್ಲಿನದೇ. ಫ್ಯೆಲ್‌ಗಾಟನ್ ಬೀದಿಯ ಹೆರ್ಮನ್ಸ್ ಪೂರ್ತಿ ಸಸ್ಯಾಹಾರದ ಊಟದ ಮನೆ. ಅಲ್ಲಿ ಕೂತರೆ ಊರೂ ನೀರೂ ಒಟ್ಟಿಗೆ ಕಾಣುತ್ತವೆ.

ಕೊನೆಗೆ ಕೆಲವು ಕಿವಿಮಾತು. ಕಾರ್ಡ್ ಇಟ್ಟುಕೊಳ್ಳಿ, ನೋಟು ತೆಗೆದುಕೊಳ್ಳದ ಅಂಗಡಿಗಳು ಇಲ್ಲಿ ಬೇಕಾದಷ್ಟಿವೆ. ಜುಲೈಯಲ್ಲಿ ಸಣ್ಣ ಅಂಗಡಿಯವರು ವಾರಗಟ್ಟಲೆ ರಜೆ ಹಾಕುತ್ತಾರೆ, ಆದ್ದರಿಂದ ಮೇ, ಜೂನಿನಲ್ಲೇ ಸುತ್ತಾಟ ಮುಗಿಸಿ. ಹಳೆಯ ರೆಕಾರ್ಡಿಗೆ ಎರಡು ಗುರುತು ಬರೆದಿರುತ್ತಾರೆ, ಒಂದು ತಟ್ಟೆಯ ಸ್ಥಿತಿಗೆ, ಒಂದು ಕವಚದ್ದಕ್ಕೆ. ಬೆಳಕಿಗೆ ಓರೆಯಾಗಿ ಹಿಡಿದು ಗೀರು ನೋಡಿ. ಕೇಳಿಸಿ ಎಂದರೆ ಕೇಳಿಸುತ್ತಾರೆ. ಊರಿಗೆ ಮರಳುವಾಗ ಎಲ್‌ಪಿಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ.

ಒಂದು ವಿನಂತಿ. ಇಂಥ ಅಂಗಡಿಗಳಿಗೆ ಬರುವ ಅನೇಕರು ಫೋಟೊ ತೆಗೆದು, ಹೆಸರು ಗುರುತು ಹಾಕಿಕೊಂಡು, ಮನೆಗೆ ಹೋಗಿ ಪುಕ್ಕಟೆ ಕೇಳುತ್ತಾರೆ. ಮೆಚ್ಚುಗೆಯಿಂದ ಬಾಡಿಗೆ ಕಟ್ಟಲಾಗದು. ನೀವು ಹೋದ ಪ್ರತಿ ಅಂಗಡಿಯಲ್ಲೂ ಒಂದಾದರೂ ಕೊಂಡುಕೊಳ್ಳಿ, ಅತಿ ಅಗ್ಗದ್ದಾದರೂ ಸರಿ. ಕೂತ ಪ್ರತಿ ಕೆಫೆಯಲ್ಲೂ ಏನಾದರೂ ತರಿಸಿ ತಿನ್ನಿ. ಮೈಸೂರಿಗೆ ಮರಳಿದ ಮೇಲೂ ನಿಮ್ಮ ಬೀದಿಯ ಅಂಗಡಿಗೆ, ಹೋಟೆಲಿಗೆ ಹೀಗೇ ನಡೆದುಕೊಳ್ಳಿ.

ಬರುವ ವಾರ ತಿಳಿಸಿ. ಮೊದಲ ಅಂಗಡಿಗೆ ನಾನೂ ನಿಮ್ಮ ಜೊತೆ ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸದ,
ಗೋಥೆನ್‌ಬರ್ಗಿನ ಗೆಳೆಯ