ದೇವರ ಚಿತ್ತವಾದರೆ ನಾಳೆ ಎಂಟಕ್ಕೆ

ಇವತ್ತು ಬೆಳಗಿನ ಜಾವ ನನ್ನನ್ನು ಎಬ್ಬಿಸಿದ್ದು ಕೋಳಿಯಲ್ಲ, ಅಲಾರಮ್ಮೂ ಅಲ್ಲ. ಮಾಡಿನಿಂದ ನೇರ ಬಲಗಿವಿಗೆ ಬಿದ್ದ ಒಂದು ಹನಿ. ಆಟಿ ತಿಂಗಳು ಕಳೆದು ಸೋಣ ಬಂದಿದ್ದರೂ ಈ ವರ್ಷದ ಮಳೆಗೆ ಯಾರೂ ಅದನ್ನು ತಿಳಿಸಿದಂತಿಲ್ಲ. ಮಂಚವನ್ನು ಗೋಡೆಗೆ ಎಳೆದು, ಹನಿ ಬೀಳುವಲ್ಲಿ ಬಕೆಟು ಇಟ್ಟು, ಮತ್ತೆ ಮಲಗಿದೆ. ನಿದ್ದೆ ಎಲ್ಲಿಂದ? ಟಪ್. ತುಸು ಯೋಚನೆ. ಮತ್ತೆ ಟಪ್.

ಹನಿಯ ಮೇಲೆ ನನಗೆ ಕೋಪವಿಲ್ಲ. ಬೀಳುವುದು ಅದರ ಧರ್ಮ. ಕೋಪ ಬಂದದ್ದು ಮಾಡಿನ ಮೇಸ್ತ್ರಿಯ ಮೇಲೆ. ನಾಲ್ಕು ದಿನಗಳಿಂದ ದಿನಾ ಸಂಜೆ ಫೋನು ಮಾಡುತ್ತಿದ್ದೇನೆ. ದಿನಾ ಒಂದೇ ಉತ್ತರ: “ದೇವರ ಚಿತ್ತ ಇದ್ರೆ ನಾಳೆ ಬೆಳಿಗ್ಗೆ ಎಂಟಕ್ಕೆ ಬರ್ತೇನೆ ಮಾಸ್ಟ್ರೇ.” ಆಸಾಮಿ ನಮ್ಮದೇ ಸಭೆಯವನು. ಆದಿತ್ಯವಾರ ನನಗಿಂತ ಎರಡು ಬೆಂಚು ಮುಂದೆ ಕೂತು, ಕೀರ್ತನೆಯ ಕೆಳಸ್ವರವನ್ನು ಕಿಟಕಿ ಅದುರುವಂತೆ ಹಾಡುತ್ತಾನೆ. ಬೇರೆ ಯಾರಾದರೂ ಆಗಿದ್ದರೆ ‘ನಾಳೆ ಬರ್ತೇನೆ’ ಎಂದು ಸೀದಾ ಸುಳ್ಳು ಹೇಳುತ್ತಿದ್ದರು, ನಾನೂ ಸೀದಾ ಬೈಯುತ್ತಿದ್ದೆ. ಇವನು ಹೊಣೆಯನ್ನು ಮೇಲಕ್ಕೆ ದಾಟಿಸಿಬಿಟ್ಟಿದ್ದಾನೆ. ಈಗ ಬೈದರೆ ಅದು ಯಾರಿಗೆ ಹೋಗಿ ತಟ್ಟುತ್ತದೋ!

ಎದ್ದು ಬೈಬಲ್ ತೆಗೆದೆ. ಭಕ್ತಿಯಿಂದಲ್ಲ, ವಕೀಲರು ಕಾನೂನಿನ ಪುಸ್ತಕ ತೆಗೆಯುವ ಹಾಗೆ. ಈ ಮಾತು ಹುಟ್ಟಿದ್ದು ಯಾಕೋಬನ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ. ಇಂಥ ಊರಿಗೆ ಹೋಗುತ್ತೇವೆ, ಒಂದು ವರ್ಷ ಇದ್ದು ವ್ಯಾಪಾರ ಮಾಡಿ ಲಾಭ ಗಳಿಸುತ್ತೇವೆ ಎಂದು ಬೀಗುವ ವರ್ತಕರಿಗೆ ಅವನು ಹೇಳುವ ಬುದ್ಧಿಮಾತು ಅದು: ನಾಳೆ ಏನಾಗುವುದೋ ನಿಮಗೆ ತಿಳಿಯದು, ಕರ್ತನ ಚಿತ್ತವಾದರೆ ಎಂದು ಸೇರಿಸಿಕೊಳ್ಳಿ. ಅಂದರೆ ಇದು ಲಾಭಕೋರರ ಸೊಕ್ಕಿಗೆ ಹಾಕಿದ ಮೂಗುದಾರ. ಮಾಡು ಸೋರುವ ನಿವೃತ್ತ ಮಾಸ್ತರನ ಮೂಗಿಗೆ ಸವರುವ ತುಪ್ಪವಲ್ಲ. ಅದೇ ಯಾಕೋಬ ಎರಡು ಅಧ್ಯಾಯ ಹಿಂದೆ, ಕ್ರಿಯೆ ಇಲ್ಲದ ನಂಬಿಕೆ ಹೆಣಕ್ಕೆ ಸಮ ಎಂದು ಖಡಾಖಂಡಿತವಾಗಿ ಹೇಳಿದ್ದಾನೆ. ನಮ್ಮ ಮೇಸ್ತ್ರಿ ಪತ್ರಿಕೆಯನ್ನು ಹಿಂದಿನಿಂದ ಓದಲು ಶುರುಮಾಡಿ ನಾಲ್ಕರಲ್ಲೇ ನಿಲ್ಲಿಸಿರಬೇಕು.

ಈ ಯಾಕೋಬನನ್ನು ಕಂಡರೆ ಮಾರ್ಟಿನ್ ಲೂಥರನಿಗೂ ಅಷ್ಟಕ್ಕಷ್ಟೆ. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ, ಮುನ್ನುಡಿಯಲ್ಲಿ ಇದನ್ನು ‘ಹುಲ್ಲಿನ ಪತ್ರಿಕೆ’ ಎಂದುಬಿಟ್ಟ. ನಂಬಿಕೆಯೊಂದೇ ಸಾಕು ಎಂದು ಸಾರಿದವನಿಗೆ ಕ್ರಿಯೆ ಕ್ರಿಯೆ ಎಂದು ಬಡಿದುಕೊಳ್ಳುವ ಈ ಐದು ಅಧ್ಯಾಯಗಳು ಗಂಟಲಲ್ಲಿ ಇಳಿಯಲಿಲ್ಲ. ತಮಾಷೆ ಏನೆಂದರೆ, ಆ ಕಡೆಯಿಂದಲೇ ಬಂದ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಇಳಿದಾಗ ನಮ್ಮವರ ತಲೆಯ ಮೇಲಿದ್ದದ್ದೂ ಹುಲ್ಲೇ, ಮುಳಿಹುಲ್ಲು. ಅದರ ಮೇಲೆ ಹಂಚು ಬಂದ ಕತೆಯನ್ನು ಹೇಳುತ್ತೇನೆ. ಅದಕ್ಕೆ ಮೊದಲು ಒಂದು ತಪ್ಪೊಪ್ಪಿಗೆ.

ಸಭೆಯ ಬೆಳೆಹಬ್ಬದ ಸಂಚಿಕೆಗೆ ನಾನೊಂದು ಲೇಖನ ಬರೆದುಕೊಡಬೇಕಾಗಿದೆ. ವಿಷಯ ಅವರೇ ಕೊಟ್ಟದ್ದು: ‘ದಿನನಿತ್ಯದ ದುಡಿಮೆಯಲ್ಲಿ ಕ್ರೈಸ್ತ ನಂಬಿಕೆ’. ಹಾಳೆ ಮೂರು ವಾರದಿಂದ ಮೇಜಿನ ಮೇಲೆ ಬಿಳಿಯಾಗಿಯೇ ಉಂಟು. ಇಂಥ ಲೇಖನ ಹೇಗಿರುತ್ತದೆ ಎಂದು ಗೊತ್ತಿಲ್ಲದವರು ಯಾರು? ಯೇಸುಸ್ವಾಮಿ ಬಡಗಿ, ಪೌಲನು ಗುಡಾರ ಹೊಲಿಯುವವನು, ಪೇತ್ರ ಬೆಸ್ತ. ಬಸವಣ್ಣನವರ ನಾಡಿನಲ್ಲಿ ಕಾಯಕದ ಮಾತಿಗೆ ಪೀಠಿಕೆಯೂ ಬೇಡ. ಗಂಡ ಆಯ್ದು ತಂದ ಅಕ್ಕಿ ದಿನದಳತೆಗಿಂತ ಹೆಚ್ಚಾಯಿತೆಂದು ಅಲ್ಲಿಯೇ ಸುರಿದು ಬಾ ಎಂದು ಅಟ್ಟಿದ ಆಯ್ದಕ್ಕಿ ಲಕ್ಕಮ್ಮ ನಮ್ಮ ಎಲ್ಲ ಪ್ರಸಂಗಗಳನ್ನೂ ಎಂಟುನೂರು ವರ್ಷ ಮೊದಲೇ ಮುಗಿಸಿದ್ದಾಳೆ. ಇವನ್ನೆಲ್ಲ ಬರೆದರೆ ಎರಡು ಪುಟ ತುಂಬುತ್ತದೆ, ಓದುವವನ ಆಕಳಿಕೆಯೂ ತುಂಬುತ್ತದೆ. ಹಾಗಾಗಿ ಬಿಟ್ಟೆ.

ಹಂಚಿಗೆ ಬರೋಣ. ಹಂಚಿನ ಮಾತು ಬಂದರೆ ನನಗೆ ಹೊತ್ತು ಗೊತ್ತಾಗುವುದಿಲ್ಲ ಎಂದು ಮನೆಯವರ ದೂರು. ನಿಜ. ನಾನು ಇಂಗ್ಲಿಷ್ ಅಕ್ಷರ ಕಲಿತದ್ದೇ ಅಂಗಾತ ಮಲಗಿ. ಮುಚ್ಚಿಗೆ ಇಲ್ಲದ ಮನೆ. ಹಂಚಿನ ಒಳಮೈಯಲ್ಲಿ ಒತ್ತಿದ ಕಾರ್ಖಾನೆಯ ಹೆಸರು ಸಾಲುಸಾಲಾಗಿ ತಲೆಯ ಮೇಲೆ. ಜ್ವರ ಬಂದಾಗ ಆ ಅಕ್ಷರಗಳು ಇರುವೆಗಳ ಹಾಗೆ ಹರಿದಾಡುತ್ತಿದ್ದವು. ಶಾಲೆಗೆ ಸೇರಿದಾಗ ಟೀಚರು ಬೋರ್ಡಿನ ಮೇಲೆ ‘ಬಿ’ ಬರೆದರೆ ನಾನು ಕತ್ತು ಮೇಲೆತ್ತಿ ಛಾವಣಿ ನೋಡಿದೆನಂತೆ.

ಮಂಗಳೂರಿನ ಜೆಪ್ಪುವಿನಲ್ಲಿ ಮಿಶನ್ನಿನ ಹಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ, ಪ್ಲೆಬ್ಸ್ಟ್ ಎಂಬವರ ಕೈಯಿಂದ. ಪರಲೋಕದ ಮಾತಾಡಲು ಬಂದವರಿಗೆ ಮಣ್ಣಿನ ಗೊಡವೆ ಯಾಕೆ ಬಂತು? ಊಟದ ಪ್ರಶ್ನೆ ಬಂದದ್ದರಿಂದ. ನನ್ನ ಮುತ್ತಜ್ಜನನ್ನೇ ತೆಗೆದುಕೊಳ್ಳಿ. ತಾಳೆಮರ ಹತ್ತಿ ಕಳ್ಳು ಇಳಿಸುತ್ತಿದ್ದವನು. ಕ್ರಿಸ್ತನನ್ನು ನಂಬಿದ ಮೇಲೆ ಕಳ್ಳಿನ ಕೆಲಸ ಕೂಡದು ಎಂದಿತು ಮಿಶನ್ನು. ಕುಲದವರು ಇವನನ್ನು ಹೊರಗಿಟ್ಟರು, ಒಕ್ಕಲಿಗೆ ಕೊಟ್ಟ ಭೂಮಿಯೂ ಹೋಯಿತು. ಮನುಷ್ಯನಿಗೆ ನಿತ್ಯಜೀವ ಸಿಕ್ಕಿತು, ನಾಳೆಯ ಗಂಜಿ ತಪ್ಪಿತು. ಇಂಥವರು ಒಬ್ಬಿಬ್ಬರಲ್ಲ. ಅವರಿಗಾಗಿ ನೇಯ್ಗೆಯ ಮಗ್ಗ ಬಂತು, ಅಚ್ಚುಕೂಟ ಬಂತು, ಕೊನೆಗೆ ಹಂಚು ಬಂತು. ಮಿಶನ್ನಿನ ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ್ದು, 1894ರಲ್ಲಿ ಕಿಟ್ಟೆಲರ ನಿಘಂಟು ಅಚ್ಚಾದದ್ದು ಎಲ್ಲರೂ ಹೇಳುತ್ತಾರೆ. ಹಂಚಿಗೆ ಭಾಷಣವಿಲ್ಲ. ನಿಘಂಟು ಒದ್ದೆಯಾಗದೆ ಉಳಿದದ್ದು ಯಾವುದರ ಕೆಳಗೆ ಎಂದು ಒಬ್ಬರಾದರೂ ಕೇಳಬೇಡವೇ?

ಹೀಗೆ ಮುತ್ತಜ್ಜ ಮರದ ತುದಿಯಿಂದ ಇಳಿದು ನೇತ್ರಾವತಿಯ ದಡದ ಕೆಸರಿಗೆ ಬಂದ. ಅವನ ಮಗ, ನನ್ನ ಅಜ್ಜ, ಅದೇ ಕಾರ್ಖಾನೆಯಲ್ಲಿ ಹಂಚು ತಟ್ಟುವವನಾದ. ಗೂಡಿನಿಂದ ಬೆಂದು ಬಂದ ಹಂಚನ್ನು ಎಡಗೈಯಲ್ಲಿ ಎತ್ತಿ ಬಲಗೈಯ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟುವುದು. ಸರಿಯಾಗಿ ಬೆಂದ ಹಂಚು ‘ಠಣ್’ ಎನ್ನುತ್ತದೆ. ಕೂದಲೆಳೆಯ ಬಿರುಕಿದ್ದರೂ ‘ಠಪ್’. ಠಣ್ ಇತ್ತ, ಠಪ್ ಅತ್ತ. ಮೂವತ್ತಕ್ಕೂ ಹೆಚ್ಚು ವರ್ಷ ಅಜ್ಜ ಮಾಡಿದ್ದು ಇಷ್ಟೇ. ಮೊದಲ ಮಹಾಯುದ್ಧವಾಗಿ ಜರ್ಮನರು ಹೋಗಿ, ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟಿನವರ ಕೈಗೆ ಬಂದಿತ್ತು. ಹಂಚಿನ ಸದ್ದು ಅದೇ ಇತ್ತು ಎನ್ನುತ್ತಿದ್ದ.

ಅಜ್ಜನಿಂದ ನನಗೆ ಆಸ್ತಿ ಬರಲಿಲ್ಲ, ಈ ತಟ್ಟುವ ಚಾಳಿ ಬಂತು. ತೆಂಗಿನಕಾಯಿ, ಕಲ್ಲಂಗಡಿ, ಹಲಸು ಎಲ್ಲರೂ ತಟ್ಟುತ್ತಾರೆ, ಅದು ಬಿಡಿ. ನಾನು ಬಾಗಿಲು ತಟ್ಟುತ್ತೇನೆ, ಒಳಗಿನವರನ್ನು ಕರೆಯಲು ಅಲ್ಲ, ಮರ ಹಲಸೋ ಪ್ಲೈವುಡ್ಡೋ ತಿಳಿಯಲು. ಸ್ಟೀಲಿನ ಅಂಗಡಿಗೆ ನನ್ನನ್ನು ಕರೆದುಕೊಂಡು ಹೋಗುವುದನ್ನು ಹೆಂಡತಿ ನಿಲ್ಲಿಸಿ ಹತ್ತು ವರ್ಷವಾಯಿತು. ಮಗಳಿಗೆ ಗಂಡು ನೋಡಲು ಹೋದಾಗ ಅವರ ಮನೆಯ ಊಟದ ಮೇಜು ತಟ್ಟಿದ್ದಕ್ಕೆ, ಇನ್ನೂ ಸ್ವಲ್ಪ ಸಾರು ಬೇಕೇನೋ ಎಂದು ಬಡಿಸಿದರು. ಒಮ್ಮೆ ಯಾರೂ ಇಲ್ಲದ ಹೊತ್ತಿನಲ್ಲಿ ನಮ್ಮ ದೇವಾಲಯದ ಪ್ರಸಂಗಪೀಠವನ್ನೂ ತಟ್ಟಿ ನೋಡಿದ್ದೇನೆ. ಒಳಗೆ ಟೊಳ್ಳು. ಪೀಠದ ಮಾತನ್ನು ಮಾತ್ರ ಹೇಳುತ್ತಿದ್ದೇನೆ. ಪ್ರೀತಿ ಇಲ್ಲದ ಮಾತುಗಾರ ಬರಿದೇ ಬಡಿಯುವ ಕಂಚು ಎಂದು ಪೌಲನು ಕೊರಿಂಥದವರಿಗೆ ಬರೆಯುವಾಗ ಅವನೂ ಏನನ್ನೋ ತಟ್ಟಿ ನೋಡಿದ್ದಿರಬೇಕು.

ಅಜ್ಜ ದೊಡ್ಡ ಭಕ್ತನೇನಲ್ಲ. ಪ್ರಸಂಗ ಎರಡನೆಯ ತಲೆಬರಹಕ್ಕೆ ಬರುವಷ್ಟರಲ್ಲಿ ಅವನ ಗಲ್ಲ ಎದೆಗೆ ತಾಗುತ್ತಿತ್ತು. ನಾನು ಹುಡುಗನಾಗಿದ್ದಾಗ ಒಮ್ಮೆ ಕೇಳಿದ್ದೆ: “ಅಷ್ಟು ಸಾವಿರ ಹಂಚಿನಲ್ಲಿ ಒಂದು ಒಡಕು ದಾಟಿ ಹೋದರೆ ಯಾರಿಗೆ ಗೊತ್ತಾಗ್ತದೆ ಅಜ್ಜ?” ದೇವರಿಗೆ ಗೊತ್ತಾಗ್ತದೆ ಎನ್ನುತ್ತಾನೆ ಎಂದು ಕಾದಿದ್ದೆ, ಸಂಡೇ ಸ್ಕೂಲಿನಲ್ಲಿ ಆ ಉತ್ತರಕ್ಕೆ ಪೂರ್ತಿ ಮಾರ್ಕು. ಅಜ್ಜ ಬೀಡಿ ಕೊಡವುತ್ತಾ, “ಯಾರದ್ದಾದ್ರೂ ಮಂಚದ ಮೇಲೆ ಬೀಳ್ತದಲ್ಲ ಮಗಾ” ಎಂದ. ಅಷ್ಟೇ.

ಪ್ಯಾರಿಸಿನ ಒಂದು ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬೊಬ್ಬರಿದ್ದರು, 1691ರಲ್ಲಿ ತೀರಿಕೊಂಡರು. ಮೊದಲು ಸೈನಿಕ, ಕಾಲು ಊನ, ಮಠದಲ್ಲಿ ಅಡುಗೆಭಟ್ಟ. ಪಾತ್ರೆಗಳ ಗಲಾಟೆಯ ನಡುವೆಯೂ ಮೊಣಕಾಲೂರಿ ಪ್ರಾರ್ಥಿಸುವಾಗ ಇದ್ದಷ್ಟೇ ದೇವರ ಸಮೀಪ ಇದ್ದರಂತೆ. ಬಾಣಲೆಯ ಮೊಟ್ಟೆಯನ್ನು ಮಗುಚುವುದೂ ದೇವರ ಪ್ರೀತಿಗಾಗಿ. ಬೋಧಕರೆಲ್ಲ ಈ ಮೊಟ್ಟೆಯನ್ನು ಬಿಸಿಬಿಸಿಯಾಗಿ ಬಡಿಸುತ್ತಾರೆ. ಅವರು ಬಡಿಸದೆ ಬಿಡುವ ಸಂಗತಿ ನನಗೆ ಹೆಚ್ಚು ರುಚಿ: ಆ ಮನುಷ್ಯನಿಗೆ ಅಡುಗೆಮನೆ ಕಂಡರೆ ಆಗುತ್ತಿರಲಿಲ್ಲ! ಒಲ್ಲದ ಕೆಲಸವನ್ನೇ ವರ್ಷಗಟ್ಟಲೆ ಮಾಡಿದರು, ವಯಸ್ಸಾದ ಮೇಲೆ ಮಠದವರ ಚಪ್ಪಲಿ ಹೊಲಿಯುತ್ತಾ ಕೂತರು. ದುಡಿಮೆಯನ್ನು ಪ್ರೀತಿಸು ಎನ್ನುವ ಉಪದೇಶ ನನಗೆ ಯಾವತ್ತೂ ಹಿಡಿಸಿಲ್ಲ. ಅಜ್ಜನಿಗೆ ಹಂಚಿನ ಮೇಲೆ ಪ್ರೀತಿಯಿತ್ತೆಂದು ನನಗನಿಸುವುದಿಲ್ಲ. ಸಂಜೆ ಬರುವಾಗ ಗೆಣ್ಣು ಬಾತಿರುತ್ತಿತ್ತು. ಅಜ್ಜಿ ಬಿಸಿ ಎಣ್ಣೆ ಹಚ್ಚುತ್ತಿದ್ದಳು.

ಅಜ್ಜಿ ಎಂದಾಗ ನೆನಪಾಯಿತು. ಮನೆಯಲ್ಲಿ ಬೈಬಲ್ಲಿನ ಪಕ್ಕದಲ್ಲೊಂದು ರಟ್ಟು ಕಿತ್ತ ಪುಸ್ತಕವಿತ್ತು, ‘ಯಾತ್ರಿಕನ ಸಂಚಾರ’. ಜಾನ್ ಬನಿಯನ್ನನ 1678ರ ಕತೆಯನ್ನು ಮಿಶನ್ನಿನವರು ಕನ್ನಡಕ್ಕೆ ತಂದದ್ದು. ಕ್ರೈಸ್ತನು ಬೆನ್ನ ಮೇಲೆ ಪಾಪದ ಹೊರೆ ಹೊತ್ತು, ಹೆಂಡತಿ ಮಕ್ಕಳು ಕೂಗಿದರೂ ಕೇಳಿಸದ ಹಾಗೆ ಕಿವಿಗೆ ಬೆರಳಿಟ್ಟು, ನಿತ್ಯಜೀವ ನಿತ್ಯಜೀವ ಎನ್ನುತ್ತಾ ಓಡುವುದರಿಂದ ಕತೆ ಶುರು. ಮಳೆಗಾಲದ ರಾತ್ರಿ ಅಪ್ಪ ಗಟ್ಟಿಯಾಗಿ ಓದುತ್ತಿದ್ದ. ಅಜ್ಜಿ ಪ್ರತಿ ವರ್ಷವೂ ಅದೇ ಜಾಗದಲ್ಲಿ ತಡೆಯುತ್ತಿದ್ದಳು: “ಇವ ಓಡಿದ, ಸರಿ. ಮರುದಿನ ಆ ಮಕ್ಕಳಿಗೆ ಅಕ್ಕಿ ತಂದದ್ದು ಯಾರು?” ಅಪ್ಪನ ಬಳಿ ಉತ್ತರವಿರಲಿಲ್ಲ. ಬನಿಯನ್ನನಿಗೂ ಒಳಗೊಳಗೇ ಕೊರೆದಿರಬೇಕು. ಆರು ವರ್ಷ ಬಿಟ್ಟು ಎರಡನೆಯ ಭಾಗ ಬರೆದು, ಹೆಂಡತಿಯನ್ನೂ ಮಕ್ಕಳನ್ನೂ ಅದೇ ದಾರಿಯಲ್ಲಿ ನಡೆಸಿದ. ಕತೆಯ ಯಾತ್ರಿಕನಂತೆ ಬರೆದವನು ಓಡಿದವನಲ್ಲ. ಊರೂರು ತಿರುಗಿ ತೂತುಬಿದ್ದ ಪಾತ್ರೆಗೆ ತೇಪೆ ಹಾಕುತ್ತಿದ್ದವನು. ಅಪ್ಪಣೆಯಿಲ್ಲದೆ ಬೋಧಿಸಿದ್ದಕ್ಕೆ ಬೆಡ್‌ಫರ್ಡಿನ ಜೈಲಿನಲ್ಲಿ ಹನ್ನೆರಡು ವರ್ಷ ಕೂತಾಗ, ಹೊರಗಿದ್ದ ಹೆಂಡತಿ ಮಕ್ಕಳ ಹೊಟ್ಟೆಗಾಗಿ ಲಾಡಿ ಕಟ್ಟಿ ಮಾರಿಸಿದ. ಇದನ್ನು ನಾನು ಓದಿ ತಿಳಿಯುವಷ್ಟರಲ್ಲಿ ಅಜ್ಜಿ ಇರಲಿಲ್ಲ. ಇದ್ದಿದ್ದರೆ, “ಹಾಗೆ ಹೇಳು ಮತ್ತೆ” ಎಂದು ಎಲೆಅಡಿಕೆ ಡಬ್ಬಿ ಮುಚ್ಚುತ್ತಿದ್ದಳು.

ಇಷ್ಟು ಬರೆಯುವಾಗ ಮಳೆ ನಿಂತದ್ದು ಗಮನಕ್ಕೆ ಬಂದಿರಲಿಲ್ಲ. ಹತ್ತೂವರೆಗೆ ಬಿಸಿಲು ಬಿತ್ತು. ಹನ್ನೊಂದೂವರೆಗೆ ಅಂಗಳದಲ್ಲಿ ಏಣಿಯ ಸದ್ದು.

“ಎಂಟು ಗಂಟೆ ಈಗ ಆಯ್ತಾ?” ಎಂದೆ. ನಾಲ್ಕು ದಿನ ಮಸೆದಿಟ್ಟ ಮಾತು.

ಮೇಸ್ತ್ರಿ ಕಣ್ಣು ಬಿಟ್ಟು ನೋಡಿದ. “ಪಾಚಿ ಹಿಡಿದ ಹಂಚು ಮಾಸ್ಟ್ರೇ, ಮಳೆ ಬರುವಾಗ ಕಾಲಿಟ್ಟರೆ ಸೀದಾ ಕೆಳಗೆ. ಮಳೆ ಬಿಟ್ಟರೆ ಬರ್ತೇನೆ ಅಂತ ದಿನಾ ಹೇಳ್ತಾ ಇದ್ದೇನಲ್ಲ?”

ಯಾವಾಗ ಹೇಳಿದ್ದ? ಹೇಳಿದ್ದ, ನಾಲ್ಕು ಸಂಜೆಯೂ. ಅವನ ಭಾಷೆಯಲ್ಲಿ ದೇವರ ಚಿತ್ತ ಎಂದರೆ ಅದೇ. ಮಾಡಿನ ಮೇಲೆ ಕೆಲಸ ಮಾಡುವವನಿಗೆ ಆ ಮಾತು ಹವಾಮಾನ ವರದಿ. ನಾನೇ ಯಾಕೋಬನನ್ನು ಸಾಕ್ಷಿಗೆ ಕರೆದು ಕೇಸು ನಡೆಸಿದ್ದೆ. ಒಳಗಿನಿಂದ ಹೆಂಡತಿಯ ಸ್ವರ ಬಂತು: “ಸಂಚಿಕೆಯವರಿಗೆ ನೀವು ಹೇಳಿದ್ದೇನು, ನೆನಪುಂಟಾ? ದೇವರ ಚಿತ್ತವಾದರೆ ಸೋಮವಾರ ಕೊಡ್ತೇನೆ. ಎಷ್ಟು ಸೋಮವಾರ ಆಯ್ತು?” ನನ್ನ ಮೇಜಿನ ಮೇಲೆ ಮಳೆಯೂ ಬೀಳುವುದಿಲ್ಲ, ಪಾಚಿಯೂ ಹಿಡಿಯುವುದಿಲ್ಲ. ಸುಮ್ಮನೆ ಏಣಿ ಹಿಡಿದುಕೊಂಡೆ.

ಅವನು ಬಕೆಟಿನ ನೇರಕ್ಕಿದ್ದ ಹಂಚನ್ನು ಮುಟ್ಟಲಿಲ್ಲ. ನಾಲ್ಕು ಸಾಲು ಮೇಲಿನಿಂದ ಒಂದೊಂದನ್ನೇ ಜಾರಿಸಿ, ಎತ್ತಿ, ಗೆಣ್ಣಿನಿಂದ ತಟ್ಟುತ್ತಾ ಬಂದ. ಠಣ್, ಠಣ್, ಠಣ್. “ನೀರು ಬೀಳುವುದು ಒಂದು ಕಡೆ, ಒಡೆದದ್ದು ಇನ್ನೊಂದು ಕಡೆ ಮಾಸ್ಟ್ರೇ. ರೀಪು ಹಿಡಿದುಕೊಂಡು ಬರ್ತದೆ” ಎಂದ. ಠಪ್ ಎಂದಿತು. ನಾನು ಕೆಳಗಿನಿಂದಲೇ ಅವನಿಗಿಂತ ಮೊದಲು “ಅದೇ!” ಎಂದೆ. ಅವನು ಬಗ್ಗಿ ನನ್ನನ್ನು ನೋಡಿದ ನೋಟದಲ್ಲಿ, ಇಷ್ಟು ವರ್ಷದಲ್ಲಿ ಮೊದಲ ಸಲ, ಸ್ವಲ್ಪ ಗೌರವವಿತ್ತು.

ಸಂಬಳ ಕೊಟ್ಟು, ಚಾ ಕುಡಿಸಿ ಕಳಿಸುವಾಗ ಬೆಳೆಹಬ್ಬದ ಮಾತು ಬಂತು. ಅವನ ಹಿತ್ತಲಿನ ಕುಂಬಳಕಾಯಿ ಈ ಸಲ ಏಲಕ್ಕೆ ಬರುತ್ತದಂತೆ. ಹೋದ ವರ್ಷ ಹಟಕ್ಕೆ ಬಿದ್ದು ನಾನೊಂದು ಕುಂಬಳಕಾಯಿಗೆ ಪೇಟೆಯ ಆರು ಪಟ್ಟು ದರ ಕೊಟ್ಟಿದ್ದೆ; ಮನೆಗೆ ತಂದು ಕೊಯ್ದರೆ ಒಳಗೆ ಅರ್ಧ ಕೊಳೆತಿತ್ತು. ಎಲ್ಲವನ್ನೂ ತಟ್ಟುವ ನಾನು ಅದೊಂದನ್ನು ತಟ್ಟಿರಲಿಲ್ಲ. ದೇವರ ಮುಂದೆ ಇಟ್ಟ ಕಾಣಿಕೆಯನ್ನು ತಟ್ಟಿ ನೋಡುವುದು ಸರಿಯೇ, ತಪ್ಪೇ? ನಮ್ಮ ಅಯ್ಯನವರನ್ನು ಕೇಳಬೇಕು. ಅಜ್ಜನಾಗಿದ್ದರೆ ಕೇಳುತ್ತಲೇ ಇರಲಿಲ್ಲ. ಕುಂಬಳಕಾಯಿ ತಟ್ಟುವಾಗ ಗೆಣ್ಣು ಬೇಕೋ ಅಂಗೈ ಬೇಕೋ ಎಂಬುದು ನನಗಿನ್ನೂ ಸರಿಯಾಗಿ ತಿಳಿದಿಲ್ಲ. ಅಡುಗೆಮನೆಯಲ್ಲಿ ಒಂದು ಉಂಟು, ನೋಡಿ ಬರುತ್ತೇನೆ.